ಬನದಗುಡ್ಡದ ಮೇಲೆ ಯಾರೂ ಇಲ್ಲ

ಜೆರಾಕ್ಸ್ ಯಂತ್ರದಿಂದ ಆಗತಾನೆ ಹೊರಬಂದ ಹಾಳೆಗೆ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಒಂದು ಗಳಿಗೆ ಹೆಚ್ಚಿಗೆ ಇಟ್ಟರೆ ಬರುವಂಥ ವಾಸನೆ. ಮೊನ್ನೆ ಪಂಚಾಯ್ತಿ ಕಚೇರಿಯಲ್ಲಿ ಅಂಥದ್ದೊಂದು ಬೆಚ್ಚಗಿನ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಯಾವುದೋ ಪುಸ್ತಕದ ಒಂದು ಪುಟ. ಅದರ ನಡುವಿನ ಒಂದು ವಾಕ್ಯದ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು: ‘ಬೋಳುಗುಡ್ಡದ ನೆತ್ತಿಯಲ್ಲಿ ಜನವಸತಿಯಾಗಲಿ ಪೂಜಾಸ್ಥಳವಾಗಲಿ ಇಲ್ಲವೆಂದು ಸ್ಥಳೀಯರು ತಿಳಿಸುತ್ತಾರೆ.’

ಮೂರು ಸಲ ಓದಿದೆ. ಬರೆದವರು ಒಂದಕ್ಷರವೂ ಸುಳ್ಳು ಬರೆದಿರಲಿಲ್ಲ. ಸ್ಥಳೀಯರು ಹಾಗೆಯೇ ತಿಳಿಸಿದ್ದರು. ಆ ಸ್ಥಳೀಯರು ಯಾರೆಂದರೆ ನಾನು.

ಆ ಗುಡ್ಡದ ನೆತ್ತಿಯಲ್ಲಿ ದೇವೀರಕ್ಕನ ಮನೆ ಇದೆ. ಆಕೆಯ ಗಂಡನ ಅಜ್ಜನ ಕಾಲದಿಂದಲೂ ಇದೆ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಒಂದು ಚೂರು ಕಾಗದವೂ ಇಲ್ಲ, ಸರ್ಕಾರದ ಕಡತದಲ್ಲಿ ಆ ಜಾಗ ಬರೀ ಕಾಡು. ಮೂರು ತಲೆಮಾರಿನಿಂದ ಕಾಡಿನಲ್ಲೇ ಇದ್ದವರೆಂದು ತೋರಿಸಿಕೊಟ್ಟರೆ ಹಕ್ಕುಪತ್ರ ಸಿಗುತ್ತದೆ ಎಂಬ ಹೊಸ ಕಾಯ್ದೆ ಬಂದದ್ದೇ ತಡ, ಆಕೆಯ ಕೈಯಲ್ಲಿ ಅರ್ಜಿ ಹಾಕಿಸಿದವನು ನಾನೇ. ಈಗ ಯಾರೋ ಪುಣ್ಯಾತ್ಮರು ಈ ಪುಟವನ್ನು ಹುಡುಕಿ ತಂದು ತಕರಾರು ಹಾಕಿದ್ದಾರೆ. ಅಚ್ಚಾದ ಪುಸ್ತಕವೇ ಅಲ್ಲಿ ಯಾರೂ ಇಲ್ಲ ಎನ್ನುವಾಗ ಈ ಹೆಂಗಸು ಎಲ್ಲಿಂದ ಬಂದಳು? ಹದಿನೈದು ದಿನದಲ್ಲಿ ಸಮಜಾಯಿಷಿ ಕೊಡದಿದ್ದರೆ ಅರ್ಜಿ ವಜಾ. ಅರ್ಜಿ ವಜಾ ಆದರೆ ಆಕೆ ಮನೆ ಬಿಡಬೇಕು.

ನಮ್ಮೂರಿನ ಭೂಗೋಳವನ್ನು ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾವು ಯಾಕೆ ಹೀಗೆ ಎಂಬುದು ನಿಮಗೆ ತಿಳಿಯುವುದಿಲ್ಲ. ಕೊಟ್ಟಿಗೆಹಾರದಿಂದ ಬಾಳೂರಿನ ಕಡೆ ಬಂದು, ಅಲ್ಲಿ ಟಾರು ರಸ್ತೆ ಬಿಟ್ಟು, ಜೀಪಿನವನು ಒಪ್ಪಿದರೆ ಜೀಪಿನಲ್ಲಿ, ಇಲ್ಲದಿದ್ದರೆ ಕಾಲಿನಲ್ಲಿ ಹತ್ತಬೇಕು. ಹತ್ತಿದ ಮೇಲೆ ಊರು ಎಲ್ಲಿ ಎಂದು ನೀವು ಕೇಳುತ್ತೀರಿ. ಬಂದವರೆಲ್ಲ ಕೇಳಿದ್ದಾರೆ. ಬೀದಿ ಇಲ್ಲ, ಊರಬಾಗಿಲಿಲ್ಲ, ಅಕ್ಕಪಕ್ಕ ಒತ್ತಿಕೊಂಡು ನಿಂತ ಮನೆಗಳಿಲ್ಲ. ಒಂದು ಗುಡ್ಡಕ್ಕೆ ಒಂದು ಮನೆ, ಎರಡು ಮನೆಗಳ ನಡುವೆ ಕಾಫಿತೋಟ, ಒಂದು ಹಳ್ಳ, ಒಂದಷ್ಟು ಕಾಡು. ಪಕ್ಕದ ಮನೆಯವನು ಕಾಣುವುದಿಲ್ಲ, ಅವನ ನಾಯಿ ಮಾತ್ರ ಕೇಳಿಸುತ್ತದೆ. ಕಣ್ಣಿಗೆ ಕಾಣದ ಮನುಷ್ಯ ಏನು ಮಾಡುತ್ತಿರಬಹುದು ಎಂದು ಊಹೆ ಮಾಡುತ್ತ ಮಾಡುತ್ತ ನಮ್ಮವರಿಗೆ ಊಹೆಯೇ ಅಭ್ಯಾಸವಾಗಿ, ಊಹೆ ಅನುಮಾನವಾಗಿ, ಅನುಮಾನ ನಮ್ಮೂರಿನ ಸ್ವಭಾವವೇ ಆಗಿಬಿಟ್ಟಿದೆ.

ಜೀಪು ಕೊನೆಯ ಏರನ್ನು ಮೊದಲ ಗೇರಿನಲ್ಲಿ ಏರುವಾಗಲೇ ಅದು ಯಾರದೆಂದು ನಮ್ಮಮ್ಮ ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ಗುರುತಿಲ್ಲದ ಸದ್ದು ಕೇಳಿದರೆ ಒಗ್ಗರಣೆ ಕೆಳಗಿಟ್ಟು ಹಿತ್ತಲ ಬಾಗಿಲ ಚಿಲಕ ಹಾಕುತ್ತಿದ್ದಳು. ನಾನು ಅವಳ ಮಗ. ಬಸ್ಸಿನಲ್ಲಿ ಕೂತರೆ ನನ್ನ ಚೀಲ ಕಣ್ಣಿಗೆ ಕಾಣುವಂತೆಯೇ ಕೂರುತ್ತೇನೆ. ಹೋಟೆಲಿನವನು ‘ಒಳ್ಳೆ ಕಾಫಿ ಸಾರ್’ ಎಂದರೆ ಅದರಲ್ಲಿ ಚಿಕೋರಿ ಎಷ್ಟಿರಬಹುದು ಎಂದು ಲೋಟವನ್ನು ಮೂಸುತ್ತೇನೆ. ಯಾರಾದರೂ ನಮಸ್ಕಾರ ಎಂದರೆ ‘ಯಾಕೆ?’ ಎಂದು ಕೇಳುವ ಗಂಡಸನ್ನು ಕಟ್ಟಿಕೊಂಡೆ ಎಂದು ನನ್ನ ಹೆಂಡತಿ ನೆಂಟರ ಮುಂದೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅದನ್ನು ಅವಳು ಯಾಕೆ ಹೇಳುತ್ತಾಳೆ ಎಂಬುದರ ಬಗ್ಗೆಯೂ ನನಗೆ ಸಣ್ಣದೊಂದು ಅನುಮಾನವಿದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಈ ಸ್ವಭಾವಕ್ಕೆ ತಕ್ಕ ಕಾಲ ಬಂತು. ಕುದುರೆಮುಖದ ಸುತ್ತಿನ ರಾಷ್ಟ್ರೀಯ ಉದ್ಯಾನದ ಗಡಿ ಇತ್ತ ಸರಿಯುತ್ತದಂತೆ, ಕಾಡಂಚಿನ ಮನೆಗಳನ್ನೆಲ್ಲ ಎಬ್ಬಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಅಂತೆಗಳಿಗೆ ಆಗ ಲೆಕ್ಕವಿರಲಿಲ್ಲ. ಒಂದು ದಿನ ನಮ್ಮ ದಾರಿಯ ನಂದಿ ಮರದ ಮೇಲೆ ಕೆಂಪು ಬಣ್ಣದ ಗುರುತೊಂದು ಕಾಣಿಸಿತು. ಗಡಿ ಇಲ್ಲಿಯವರೆಗೂ ಬಂತು ಎಂದು ಊರು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಪಕ್ಕದ ಎಸ್ಟೇಟಿನ ಗೇಟಿಗೆ ಬಣ್ಣ ಹೊಡೆಯಲು ಬಂದವನು ಬ್ರಷ್ಷನ್ನು ಆ ಮರಕ್ಕೆ ಒರೆಸಿಕೊಂಡು ಹೋಗಿದ್ದ ಎಂದು ಆಮೇಲೆ ತಿಳಿಯಿತು. ತಿಳಿದ ಮೇಲೂ ಅರ್ಧ ಊರು ನಂಬಲಿಲ್ಲ.

ಇಂಥ ಹೊತ್ತಿನಲ್ಲಿ ಬಂದರು ನೋಡಿ, ಮೇಷ್ಟ್ರು. ಬಯಲುಸೀಮೆಯ ಯಾವುದೋ ಕಾಲೇಜಿನವರು. ತೆಳ್ಳನೆಯ ಆಳು, ಹೆಗಲಿಗೊಂದು ಬಟ್ಟೆಯ ಚೀಲ, ಫೆಬ್ರವರಿಯ ಬಿಸಿಲಿನಲ್ಲಿ ಕಂಕುಳಲ್ಲೊಂದು ಕೊಡೆ. ಅಂಗಳದ ತುಂಬ ಕಾಫಿ ಹಣ್ಣು ಒಣಗಲು ಹರವಿತ್ತು. ಅದನ್ನು ತುಳಿಯದಂತೆ ಅಂಚಿನಲ್ಲೇ ಸುತ್ತಿಬಂದು ಜಗಲಿಯ ಕೆಳಗೆ ಚಪ್ಪಲಿ ಬಿಟ್ಟರು. ಮಲೆನಾಡಿನ ಊರುಗಳ ಬೆಟ್ಟ, ಹಳ್ಳ, ದೇವರು, ಹಳೆಯ ಕಲ್ಲು, ಹಾಡು, ಹಬ್ಬ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೇನೆ, ನಾಲ್ಕು ದಿನ ಇರಲು ಜಾಗ ಬೇಕು ಎಂದರು.

ಅಪ್ಪಯ್ಯ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದರು: “ಯಾರಿಗೋಸ್ಕರ ಬರಿಯೋದು?”

“ಓದುವವರಿಗೆ.”

“ನಮ್ಮೂರಿನ ಹಳ್ಳದ ಹೆಸರು ಓದಿ ಅವ್ರಿಗೆ ಎಂತ ಆಗ್ಬೇಕಾಗಿದೆ?”

ಮೇಷ್ಟ್ರು ಸ್ವಲ್ಪ ಯೋಚಿಸಿ, “ಏನೂ ಆಗಬೇಕಾಗಿಲ್ಲ” ಎಂದರು. ಅಪ್ಪಯ್ಯ ನನ್ನ ಮುಖ ನೋಡಿದರು. ಲಾಭವಿಲ್ಲದ ಕೆಲಸಕ್ಕೆ ಇಷ್ಟು ದೂರ ಬರುವ ಮನುಷ್ಯ ಸಾಧಾರಣದವನಲ್ಲ ಎಂದು ನಮಗಿಬ್ಬರಿಗೂ ಒಟ್ಟಿಗೇ ಹೊಳೆಯಿತು.

ಹಾಗೆಂದು ಉಪಚಾರಕ್ಕೆ ಕೊರತೆ ಮಾಡಲಿಲ್ಲ. ಅನುಮಾನ ಬೇರೆ, ಕಡುಬು ಕೋಳಿಸಾರು ಬೇರೆ. ಹಂಡೆ ತುಂಬ ಬಿಸಿನೀರು ಕಾಯಿಸಿ ಅವರನ್ನು ಬಚ್ಚಲಿಗೆ ಕಳಿಸಿ, ಅವರು ಅಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದಾಗ ಇತ್ತ ಕಾಫಿ ಗೋಡೌನಿನಲ್ಲಿ ಊರಿನ ಗಂಡಸರೆಲ್ಲ ಸೇರಿದರು. ಈತ ಉದ್ಯಾನದ ಕಡೆಯವನು, ಗಡಿ ಗುರುತಿಸಲು ಬಂದಿದ್ದಾನೆ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಮುಚ್ಚಿಡಬೇಕಾದದ್ದು ಎರಡು. ಬನದಗುಡ್ಡದ ಮೇಲಿನ ಚೌಡಿಯ ಬನ ಒಂದು, ಬನಕ್ಕೆ ದೀಪ ಹಚ್ಚಿಕೊಂಡು ಅಲ್ಲೇ ಪಕ್ಕದಲ್ಲಿ ಒಬ್ಬಳೇ ಇರುವ ದೇವೀರಕ್ಕನ ಮನೆ ಇನ್ನೊಂದು. ದೇವರಿದೆ ಎಂದು ತಿಳಿದರೆ ಕಾಡು ಹಳೆಯದೆಂದು ತೀರ್ಮಾನಿಸಿ ಉದ್ಯಾನಕ್ಕೆ ಸೇರಿಸುತ್ತಾರೆ, ಮನೆ ಇದೆಯೆಂದು ತಿಳಿದರೆ ಮೊದಲು ಅದನ್ನೇ ಕೀಳಿಸುತ್ತಾರೆ. ಈ ತರ್ಕ ಆಗ ನಮಗೆ ಬಹಳ ಗಟ್ಟಿಯಾಗಿ ಕಂಡಿತ್ತು.

ಸಂಜೆಯೊಳಗೆ ಬನದ ಗಂಟೆ ತ್ರಿಶೂಲಗಳೆಲ್ಲ ನಮ್ಮ ಗೋಡೌನಿನ ಒಣಗಿದ ಕಾಫಿ ಚೆರ್ರಿ ಮೂಟೆಗಳ ಕೆಳಗೆ ಮಲಗಿದವು. ಗುಡ್ಡದ ಹೆಸರೇ ಬನದ ಸುಳಿವು ಕೊಡುತ್ತದಲ್ಲ ಎಂದು ಒಬ್ಬರಿಗೆ ಚಿಂತೆಯಾಯಿತು. ‘ಬೋಳುಗುಡ್ಡ ಅಂದರಾಯ್ತು’ ಎಂದವನು ನಾನು. ಮೈತುಂಬ ಮರ ಹೊತ್ತು ನಿಂತ ಗುಡ್ಡವದು. ಆದರೂ ಬಿ.ಎ. ಓದಿಸಿದ್ದಕ್ಕೆ ಸಾರ್ಥಕವಾಯ್ತು ಎಂದು ಅಪ್ಪಯ್ಯ ಎಲ್ಲರೆದುರು ಹೇಳಿದರು. ಅವರು ನನ್ನನ್ನು ಹೊಗಳಿದ್ದು ಜೀವಮಾನದಲ್ಲಿ ಅದೊಂದೇ ಸಲ. ಹಾಗಾಗಿ ಎಷ್ಟೋ ವರ್ಷ ಆ ಸುಳ್ಳಿನ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ದೇವೀರಕ್ಕನಿಗೆ ತಿಳಿಸಲು ಅಪ್ಪಯ್ಯ ನನ್ನನ್ನು ಕರೆದುಕೊಂಡು ಮೇಲೆ ಹೋದರು. ಆಕೆ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಅಪ್ಪಯ್ಯನನ್ನು ಕಂಡು ಎದ್ದು ನಿಂತಳು.

“ದೇವೀರಿ, ನಾಕು ದಿನ ನಮ್ಮನೇಲಿ ಬಂದಿರು. ಒಲೆ ಹಚ್ಚಬೇಡ. ಹೊಗೆ ಎದ್ರೆ ಕೆಳಗಿಂದ ಕಾಣ್ತದೆ.”

“ಕೆಂಡ ಮುಚ್ಚಿಟ್ ಬರ್ಲಾ, ದೊಡ್ಡಯ್ಯ?”

“ಎಂತದೂ ಬೇಡ. ಪೂರ ಆರಿಸು.”

ಆಕೆ ಒಳಗೆ ಹೋಗಿ ಒಲೆಗೆ ನೀರು ಸುರಿದಳು. ಬುಸ್ಸೆಂದು ಬೂದಿ ಎದ್ದು ಬಾಗಿಲ ತನಕ ಬಂತು. ಯಾಕೆ, ಏನು ಎಂದು ಒಂದು ಮಾತು ಕೇಳಲಿಲ್ಲ. ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿ ತಲೆಯ ಮೇಲೆ ಹೊತ್ತುಕೊಂಡು ನಮ್ಮ ಹಿಂದೆ ಇಳಿದುಬಂದಳು. ಆ ದಿನವೆಲ್ಲ ನಾವು ಆಕೆಯನ್ನು ಕಾಪಾಡುತ್ತಿದ್ದೇವೆ ಎಂಬ ಭಾವನೆ ನನ್ನ ಎದೆಯಲ್ಲಿ ತುಂಬಿಕೊಂಡಿತ್ತು.

ನಾಲ್ಕು ದಿನ ನಾನು ಮೇಷ್ಟ್ರನ್ನು ತಿರುಗಾಡಿಸಿದೆ. ಹಳ್ಳ ತೋರಿಸಿದೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹಾಳುಬಿದ್ದ ಪಲ್ಪರ್ ಮನೆ ತೋರಿಸಿದೆ, ನಮ್ಮ ಮುತ್ತಜ್ಜ ನೆಟ್ಟ ಹಲಸು ತೋರಿಸಿದೆ. ಬನದಗುಡ್ಡದ ದಾರಿ ಕವಲೊಡೆಯುವಲ್ಲಿ ಮಾತ್ರ ಪ್ರತಿ ಸಲವೂ ಎಡಕ್ಕೆ ತಿರುಗಿದೆ.

“ಬಲಗಡೆ ಏನಿದೆ?” ಎಂದು ಮೂರನೆಯ ದಿನ ಕೇಳಿದರು.

“ಎಂತದೂ ಇಲ್ಲ ಸಾರ್. ಬರೀ ಜಿಗಣೆ.”

“ಫೆಬ್ರವರಿಯಲ್ಲಿ ಜಿಗಣೆನಾ?”

“ನಮ್ಮಲ್ಲಿ ಹಾಗೇ ಸಾರ್.”

ಅವರು ನಕ್ಕು ಎಡಕ್ಕೇ ಬಂದರು. ಆ ನಗು ನನಗೆ ಹಿಡಿಸಲಿಲ್ಲ. ಬಂದ ಮೇಲೆ ಜಗಲಿಯಲ್ಲಿ ಕೂತಾಗ ದೇವೀರಕ್ಕ ಕಾಫಿ ತಂದುಕೊಟ್ಟಳು. ಅಪ್ಪಯ್ಯ ಎದುರಿನ ಬೆಂಚಿನಲ್ಲಿದ್ದರು. ಮೇಷ್ಟ್ರು ಲೋಟ ತೆಗೆದುಕೊಳ್ಳುತ್ತ, “ಅಮ್ಮಾ, ನಿಮ್ಮದು ಇದೇ ಊರಾ?” ಎಂದು ಕೇಳಿದರು.

“ಅಲ್ಲ ಸ್ವಾಮಿ. ಘಟ್ಟದ ಕೆಳಗೆ. ಕೆಲಸಕ್ಕೆ ಬಂದದ್ದು.”

ಎಷ್ಟು ಸಲೀಸಾಗಿ ಹೇಳಿದಳೆಂದರೆ, ಹೇಳಿಕೊಟ್ಟವರು ನಾವಲ್ಲದಿದ್ದರೆ ನಾನೂ ನಂಬುತ್ತಿದ್ದೆ.

ಕೊನೆಯ ದಿನ ಬೆಳಿಗ್ಗೆ ಮೇಷ್ಟ್ರು ಯಾರಿಗೂ ಹೇಳದೆ ಎದ್ದು ಹೋಗಿ, ಬಿಸಿಲೇರುವ ಹೊತ್ತಿಗೆ ಪ್ಯಾಂಟಿನ ತುದಿಯನ್ನು ಇಬ್ಬನಿಯಲ್ಲಿ ತೋಯಿಸಿಕೊಂಡು ವಾಪಸ್ಸು ಬಂದರು. ಸುಮ್ಮನೆ ಅಡ್ಡಾಡಿ ಬಂದೆ ಎಂದರು. ಅವರು ಸ್ನಾನಕ್ಕೆ ಹೋದಾಗ ನಾನು ಅವರ ಚೀಲ ತಡಕಿದೆ. ಹೌದು, ತಡಕಿದೆ. ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಎರಡು ಅಂಗಿ, ತಲೆನೋವಿನ ಮುಲಾಮು, ಒಂದು ನೋಟ್‌ಬುಕ್ಕು. ಅದರಲ್ಲಿ ಬೋಳುಗುಡ್ಡ ಎಂದೇ ಬರೆದಿತ್ತು. ನಿಟ್ಟುಸಿರು ಬಿಟ್ಟು ಎಲ್ಲವನ್ನೂ ಇದ್ದ ಹಾಗೇ ಮಡಿಸಿಟ್ಟೆ. ಮಧ್ಯಾಹ್ನ ಅವರನ್ನು ಜೀಪು ಹತ್ತಿಸಿದಾಗ ಒಂದು ಪೊಟ್ಟಣ ಕಾಫಿಪುಡಿಯನ್ನೂ ಕೊಟ್ಟೆವು.

ವರ್ಷವಾದ ಮೇಲೆ ಅಂಚೆಯಲ್ಲಿ ಪುಸ್ತಕವೊಂದು ಬಂತು. ಕೇಳದೆ ಯಾರೂ ಏನನ್ನೂ ಕಳಿಸುವುದಿಲ್ಲ ಎಂದು ಅಪ್ಪಯ್ಯ ಅದನ್ನು ತೆರೆಯದೆ ಕಪಾಟಿಗೆ ಹಾಕಿದರು. ಉದ್ಯಾನದ ಗಡಿ ನಮ್ಮ ಕಡೆಗೆ ಬರಲೇ ಇಲ್ಲ. ಕುದುರೆಮುಖದ ಗಣಿ ನಿಂತು, ಅಲ್ಲಿನ ಮನೆಗಳು ಖಾಲಿಯಾಗಿ, ಅಲ್ಲಿ ಕೆಲಸಕ್ಕಿದ್ದ ನಮ್ಮ ಕಡೆಯವರು ಪೆಟ್ಟಿಗೆ ಹೊತ್ತು ಊರಿಗೆ ಬಂದರು. ಅಪ್ಪಯ್ಯ ಹೋದರು. ದೇವೀರಕ್ಕ ತನ್ನ ಪಾಡಿಗೆ ಮೇಲೆ ಬನಕ್ಕೆ ದೀಪ ಹಚ್ಚಿಕೊಂಡಿದ್ದಳು. ಮೇಷ್ಟ್ರನ್ನು ನಾನು ಮರೆತೇಬಿಟ್ಟಿದ್ದೆ, ಆ ಜೆರಾಕ್ಸ್ ಹಾಳೆ ಬರುವ ತನಕ.

ಈಗ ಅವರನ್ನೇ ಹುಡುಕಿಕೊಂಡು ಹೋಗದೆ ದಾರಿ ಇರಲಿಲ್ಲ. ಎರಡು ಬಸ್ಸು ಬದಲಿಸಿ ಹೋದೆ. ನಿವೃತ್ತರಾಗಿದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡ ಕೂಡಲೇ “ಜಿಗಣೆ ಹೇಗಿದೆಯಪ್ಪಾ?” ಎಂದರು. ಅಲ್ಲಿಗೇ ನನ್ನ ಅರ್ಧ ಜೀವ ಹೋಯಿತು.

“ನಿಮಗೆ ಗೊತ್ತಿತ್ತಾ ಸಾರ್?”

“ಕೊನೇ ದಿನ ನಾನೇ ಹೋಗಿ ನೋಡಿಬಂದೆನಲ್ಲ. ದೇವರನ್ನೆಲ್ಲ ಮುಚ್ಚಿಟ್ಟಿದ್ರಿ, ಖಾಲಿ ಮನೇನೂ ಪಾಳುಮನೆ ಅಂದ್ಕೋಬಹುದಿತ್ತು, ಸರಿ. ಬಸಳೆ ಚಪ್ಪರ ಯಾಕೆ ಬಿಟ್ರಿ? ಕಾಡಲ್ಲಿ ಯಾರಪ್ಪಾ ಬಸಳೆ ಚಪ್ಪರ ಹಾಕ್ತಾರೆ? ಒಂದು ಕೋಳಿ ಬೇರೆ ಅಲ್ಲೇ ಉಳ್ಕೊಂಡಿತ್ತು. ನನ್ನ ಹಿಂದೆ ಹಿಂದೆನೇ ಬಂತು.”

“ಮತ್ತೆ ಇಲ್ಲ ಅಂತ ಯಾಕೆ ಬರೆದ್ರಿ?”

“ನೀವು ಹೇಳಿದ್ದನ್ನ ನೀವು ಹೇಳಿದ್ರಿ ಅಂತ ಬರೆದೆ. ಅಷ್ಟು ಹೆದರಿಕೊಂಡು ಮುಚ್ಚಿಟ್ಟಿದ್ದನ್ನ ಬಿಚ್ಚಿ ಹಾಕೋದಕ್ಕೆ ನನಗೆ ಮನಸ್ಸು ಬರಲಿಲ್ಲ.”

ಈಗ ದೊಡ್ಡ ಮನುಷ್ಯನಾಗಲು ಹೀಗೆ ಹೇಳುತ್ತಿದ್ದಾರೇನೋ ಎಂಬ ಯೋಚನೆ ಆ ಹೊತ್ತಿನಲ್ಲೂ ನನ್ನ ತಲೆಯೊಳಗೆ ಹಾದುಹೋಯಿತು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಕಂಡದ್ದನ್ನು ಒಂದು ಕಾಗದದಲ್ಲಿ ಬರೆದು ಸಹಿ ಮಾಡಿಕೊಟ್ಟರು. ಗೇಟಿನ ತನಕ ಬಂದು, “ಒಂದು ಮಾತು” ಎಂದರು. “ಆವತ್ತು ಆಯಮ್ಮ ಕಾಫಿ ಕೊಡುವಾಗ ನನ್ನ ಕಡೆ ನೋಡ್ತಿರಲಿಲ್ಲ. ನಿಮ್ಮ ತಂದೆಯವರ ಕಡೆ ನೋಡ್ತಿದ್ರು. ಯಾರಿಗೆ ಹೆದರಿದ್ರೋ, ನೀವೇ ಯೋಚನೆ ಮಾಡಿ.”

ಈ ಮಾತು ನನಗೆ ಸಿಟ್ಟು ತರಿಸಿತು. ನಾಲ್ಕು ದಿನ ಉಂಡುಹೋದವರಿಗೆ ನಮ್ಮೂರಿನ ಮರ್ಯಾದೆ ಏನು ಗೊತ್ತು ಎಂದು ಬಸ್ಸಿನುದ್ದಕ್ಕೂ ಗೊಣಗಿಕೊಂಡು ಬಂದೆ.

ವಿಚಾರಣೆಯ ದಿನ ಬಂದ ಅಧಿಕಾರಿ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈಯಲ್ಲಿ ಜಾಗದ ಗುರುತು ಹಿಡಿಯುವ ಯಂತ್ರ, ಮುಖದಲ್ಲಿ ನಗುವಿಲ್ಲ. ಶಾಲೆಯ ಜಗಲಿಯಲ್ಲಿ ಊರೆಲ್ಲ ಸೇರಿತ್ತು. ನಾನು ಎದ್ದು ನಿಂತು, ಪುಸ್ತಕದಲ್ಲಿರುವುದು ಸುಳ್ಳು, ಹೇಳಿದವನು ನಾನು, ಹೇಳಿಸಿದವರು ನಾವೆಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಗೋಡೌನಿನಲ್ಲಿ ಸೇರಿದ್ದವರು ನೆಲ ನೋಡುತ್ತಿದ್ದರು.

ಆಕೆ ಮೇಷ್ಟ್ರ ಕಾಗದ ಓದಿ ಮಡಿಸಿದಳು. “ಆವತ್ತು ಸುಳ್ಳು ಹೇಳಿದ್ರಿ. ಇವತ್ತು ಹೇಳ್ತಿರೋದು ನಿಜ ಅಂತ ನಾನು ಹೇಗೆ ನಂಬಲಿ ಸರ್?”

ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. “ಬನ್ನಿ, ತೋರಿಸ್ತೀನಿ” ಎಂದಷ್ಟೇ ಹೇಳಿದೆ.

ನಾವು ನಾಲ್ಕೈದು ಜನ ಮೇಲೆ ಹತ್ತಿದೆವು. ದೇವೀರಕ್ಕ ಬಾಗಿಲಲ್ಲೇ ನಿಂತಿದ್ದಳು. ಅಧಿಕಾರಿ ಮನೆ ನೋಡಿದಳು, ಗೋಡೆ ಮುಟ್ಟಿದಳು, ಬನ ನೋಡಿದಳು, ಯಂತ್ರ ಹಿಡಿದುಕೊಂಡು ಒಂದು ಸುತ್ತು ಬಂದಳು. “ಮನೆ ಇದೆ. ಆದರೆ ಹೆಂಚು ಹೊಸದು, ಗೋಡೆಗೂ ಅಷ್ಟು ವಯಸ್ಸಾಗಿಲ್ಲ. ಬನ ಊರಿಗೆಲ್ಲ ಸೇರಿದ್ದು. ಮೂರು ತಲೆಮಾರಿನಿಂದ ಇವರೇ ಇಲ್ಲಿದ್ದರು ಅನ್ನೋದಕ್ಕೆ ಏನಿದೆ?”

ಏನಿದೆ? ಹುಟ್ಟಿದಾಗಿನಿಂದ ಈ ಮನೆಯನ್ನು ನೋಡಿದವನು ನಾನು. ಇದರ ಬಗ್ಗೆ ನನಗೆ ಗೊತ್ತಿಲ್ಲದ್ದೇ ಇಲ್ಲ ಎಂದುಕೊಂಡಿದ್ದೆ. ತೋರಿಸಲು ಏನಾದರೂ ಸಿಕ್ಕೀತೇ ಎಂದು ಸೂರು, ಗೋಡೆ, ಅಂಗಳವನ್ನೆಲ್ಲ ಕಣ್ಣಲ್ಲೇ ಹುಡುಕಿದೆ.

ದೇವೀರಕ್ಕ ನನ್ನನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ, “ಸಣ್ಣಯ್ಯ, ನೀವೆಲ್ಲ ಒಂಚೂರು ಆ ಕಡೆ ಹೋಗಿ ನಿಂತ್ಕಣಿ” ಎಂದಳು. “ಈ ಅಮ್ಮ ಒಬ್ರು ಬರ್ಲಿ.”

ನನಗೆ ಅರ್ಥವಾಗಲಿಲ್ಲ. ಆದರೂ ಹೋಗಿ ಅಂಗಳದ ಆಚೆ ಬೆನ್ನು ತಿರುಗಿಸಿ ನಿಂತೆ. ಮನೆಯ ಹಿಂದೆ ಸೌದೆ ತೆಗೆದು ತೆಗೆದು ಪಕ್ಕಕ್ಕೆ ಹಾಕುವ ಸದ್ದು. ತರಗೆಲೆ ಬಳಿಯುವ ಸದ್ದು. ಆಮೇಲೆ ದೇವೀರಕ್ಕನ ದನಿ: “ಇದು ನಮ್ಮೆಜಮಾನ್ರು. ಇದು ನಮ್ಮತ್ತೆ. ಇದು ನಮ್ಮತ್ತೆಯ ಮಾವ, ಮೊದ್ಲು ಇಲ್ಲಿ ಬಂದು ಕೂತವ್ರು.”

“ಈ ಸಮಾಧಿ ಕಲ್ಲುಗಳನ್ನ ಯಾಕಮ್ಮಾ ಮುಚ್ಚಿಟ್ಟಿದ್ದೀರಿ? ಯಾರಿಗೆ ಹೆದರಿ?”

ದೇವೀರಕ್ಕ ದನಿ ತಗ್ಗಿಸಿಯೇ ಹೇಳಿದಳು. ಗುಡ್ಡದ ಮೇಲೆ ಗಾಳಿ ಇರಲಿಲ್ಲ, ಕೇಳಿಸಿತು.

“ದೊಡ್ಡಯ್ಯ ವರ್ಷಾ ವರ್ಷಾ ಬೇಲಿ ಮೇಲೆ ಮೇಲೆ ತರ್ತಿದ್ರು. ಹೂತ ಜಾಗ ಗೊತ್ತಾದ್ರೆ, ಇದು ನಮ್ದು ಅಂತ ನಾವು ಹೇಳೂಕೆ ಇಟ್ಕಂಡಿದ್ದು ಅಂತ ಕೀಳಿಸ್ತಿದ್ರು. ಅದ್ಕೆ.”

ಅದು ಸುಳ್ಳು ಎಂದು ಹೇಳಲು ತಿರುಗಿದೆ. ತಿರುಗಿದಾಗ ಕೆಳಗೆ ನಮ್ಮ ತೋಟದ ಬೇಲಿ ಕಾಣಿಸಿತು. ನನ್ನ ಚಿಕ್ಕಂದಿನಲ್ಲಿ ಅದು ಹಳ್ಳದ ಆಚೆ ಇತ್ತು. ಈಗ ದೇವೀರಕ್ಕನ ಅಂಗಳದಿಂದ ಇಪ್ಪತ್ತು ಮಾರು ದೂರದಲ್ಲಿತ್ತು. ಅದರ ಕೊನೆಯ ಸಾಲು ಗೂಟಗಳನ್ನು ಹೊಡೆಸಿದವನು ನಾನೇ, ಅಪ್ಪಯ್ಯ ಹೋದ ಮೇಲೆ. ನಾಚಿಕೆಯಿಂದ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಜೀವನವಿಡೀ ನಾನು ಎಲ್ಲರನ್ನೂ ಅನುಮಾನಿಸಿದ್ದೆ. ನನ್ನನ್ನೂ ಒಬ್ಬರು ಅನುಮಾನಿಸುತ್ತಿರಬಹುದು, ಅದಕ್ಕೆ ಸರಿಯಾದ ಕಾರಣವೂ ಇರಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅಧಿಕಾರಿ ಮನೆಯ ಮೂಲೆಯಿಂದ ಇಣುಕಿದಳು. “ಸರ್, ಊರಿನವರೊಬ್ಬರು ನೋಡಿ ಸಾಕ್ಷಿಗೆ ಸಹಿ ಹಾಕಬೇಕು. ಬರ್ತೀರಾ?”

ನಾನು ಕಾಲು ಎತ್ತಿಡಲಿಲ್ಲ. ದೇವೀರಕ್ಕ ಆಕೆಯ ಹಿಂದಿನಿಂದ ಬಂದು ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಳು. ಕರೆಯಲೋ ಬೇಡವೋ ಎಂದು ಯೋಚಿಸುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ನಾನೂ ಅವಸರ ಮಾಡಲಿಲ್ಲ.

“ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ” ಎಂದಳು ಕೊನೆಗೆ.